ಗೇಟಿನ ರಂಗೋಲಿ, ಮಹಡಿಯ ಹೊಸ್ತಿಲು

ಕಳೆದ ತಿಂಗಳು ಶಿವಮೊಗ್ಗದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬಳ ಗೃಹಪ್ರವೇಶವಿತ್ತು. ಮನೆ ಎಂದರೆ ಲಿಫ್ಟಿನಲ್ಲಿ ಹತ್ತಿ ಹೋಗುವ ಫ್ಲ್ಯಾಟು. ಕಾರಿಡಾರಿನುದ್ದಕ್ಕೂ ಒಂದೇ ಥರದ ಬಾಗಿಲುಗಳು. ನಾವು ದಾವಣಗೆರೆಯಿಂದ ಹೊರಟು ತಲುಪುವ ಹೊತ್ತಿಗೆ ಹೋಮವೆಲ್ಲ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ಒಳಗೆ ಹೋಗಲೆಂದು ಕಾಲೆತ್ತಿದವಳು ಹಾಗೇ ನಿಂತುಬಿಟ್ಟೆ. ಬೆಳಗ್ಗೆ ತೊಳೆದ ಹೊಸ್ತಿಲು ಇನ್ನೂ ಪೂರ್ತಿ ಆರಿರಲಿಲ್ಲ. ನೀರು ಕುಡಿದ ಮರಕ್ಕೆ ಅರಿಶಿನ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಹೂವಿನದಲ್ಲ, ಮಣ್ಣಿನದೂ ಅಲ್ಲ. ಆ ವಾಸನೆ ನನಗೆ ಮೊದಲು ಪರಿಚಯವಾದದ್ದು ಇದೇ ಊರಿನ ಗೋಪಾಳ ಬಡಾವಣೆಯ ಬಾಡಿಗೆ ಮನೆಯಲ್ಲಿ, ಅದೂ ಮದುವೆಯಾದ ಮೇಲೆ.

ಹಿಂದಿದ್ದ ನನ್ನ ಗಂಡ ಮಂಜುನಾಥ್ ಮೆಲ್ಲಗೆ, "ದಾಟು ಮಾರಾಯ್ತಿ, ಹಿಂದೆ ಜನ ಇದಾರೆ. ಅದರ ಮೇಲೆ ಕೂತ್ಕೊಂಡುಬಿಡಬೇಡ ಮತ್ತೆ" ಅಂದರು. ಇಪ್ಪತ್ತು ವರ್ಷದ ಮೇಲಾದರೂ ಇವರು ಆ ತಮಾಷೆಯನ್ನು ಬಿಟ್ಟಿಲ್ಲ. ನಾನು ಬಲಗಾಲಿಟ್ಟು ದಾಟಿದೆ. ಊಟದ ಎಲೆಯ ಮುಂದೆ ಕೂತಾಗಲೂ ಮನಸ್ಸು ಗೋಪಾಳದಲ್ಲೇ ಇತ್ತು. ಕೈ ತೊಳೆಯುವಾಗ, "ಹೋಗ್ತಾ ಗೌರಮ್ಮನವರ ಮನೆ ಕಡೆ ಹೋಗೋಣವಾ?" ಎಂದು ಕೇಳಿದೆ. ಇವರು ಕಾರಿನ ಬೀಗದ ಕೈ ಹುಡುಕುತ್ತಾ ಆಗಲಿ ಎಂದರು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ಆ ಮನೆಗಳಿಗೆ ಹೊಸ್ತಿಲೇ ಇರಲಿಲ್ಲ. ಒಳಗಿನ ಸಿಮೆಂಟು ನೆಲ ಬಾಗಿಲಡಿಯಿಂದ ಹಾಗೇ ಹೊರಗೆ ಹರಿದು ಅಂಗಳ ಸೇರುತ್ತಿತ್ತು. ಕಸ ಗುಡಿಸುವುದು ಸುಲಭ, ಒಂದೇ ಎಳೆತಕ್ಕೆ ಎಲ್ಲ ಆಚೆಗೆ. ಮಳೆಗಾಲದಲ್ಲಿ ಕಪ್ಪೆ ಒಳಗೆ ಬರಬಾರದೆಂದು ಅಮ್ಮ ಬಾಗಿಲಿಗೆ ಗೋಣಿಚೀಲ ಅಡ್ಡ ಹಾಕುತ್ತಿದ್ದಳು, ನಮ್ಮ ಮನೆಯ ಹೊಸ್ತಿಲೆಂದರೆ ಅದೇ. ಪಕ್ಕದ ಮನೆಯ ಸೆಲ್ವಿ ಅಕ್ಕ ತಮಿಳಿನವರು. ದಿನಾ ಬೆಳಗ್ಗೆ ಗೇಟಿನ ಮುಂದೆ ನೀರು ಚಿಮುಕಿಸಿ, ಚುಕ್ಕಿಗಳನ್ನು ಸುತ್ತಿ ಬರುವ ಉದ್ದುದ್ದ ಎಳೆಯ ರಂಗೋಲಿ ಹಾಕುತ್ತಿದ್ದರು. ಅವರನ್ನು ನೋಡಿ ಅಮ್ಮ ಕಲಿತಳು, ಅಮ್ಮನನ್ನು ನೋಡಿ ನಾನು ಕಲಿತೆ. ಕಾರ್ಖಾನೆಯ ಬೆಳಗಿನ ಸೈರನ್ ಕೂಗುವಷ್ಟರಲ್ಲಿ ನಮ್ಮ ಬೀದಿಯ ಗೇಟುಗಳ ಮುಂದೆಲ್ಲ ರಂಗೋಲಿ ಬಿದ್ದಿರಬೇಕು. ಅಪ್ಪ ಸೈಕಲ್ಲನ್ನು ಎತ್ತಿ ಅದರ ಆಚೆ ಇಟ್ಟು ಹತ್ತುತ್ತಿದ್ದರು. ಮನೆಗೆ ರಂಗೋಲಿ ಹಾಕುವುದೆಂದರೆ ಗೇಟಿಗೆ ಹಾಕುವುದು ಎಂದೇ ನಾನು ತಿಳಿದಿದ್ದೆ, ಅದನ್ನು ಅನುಮಾನಿಸುವ ಸಂದರ್ಭವೇ ಬಂದಿರಲಿಲ್ಲ.

ಮದುವೆಯಾದದ್ದು ಹೊಸ ಶತಮಾನ ಶುರುವಾದ ಹೊಸತರಲ್ಲಿ. ಇವರದು ಶಿವಮೊಗ್ಗದ ಒಂದು ಕಚೇರಿಯಲ್ಲಿ ಕೆಲಸ, ನನ್ನದು ಅಲ್ಲೇ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ಮದುವೆಗೆ ಮುಂಚೆ ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆಷಾಢ ಬಂದರೆ ಮನೆ ಬದಲಿಸುವ ಹಾಗಿಲ್ಲವೆಂದು, ಅದಕ್ಕೆ ಮುಂಚೆಯೇ ಗಡಿಬಿಡಿಯಲ್ಲಿ ಗೋಪಾಳದಲ್ಲೊಂದು ಮಹಡಿ ಮನೆ ಹಿಡಿದೆವು. ಕೆಳಗೆ ಓನರ್ ಗೌರಮ್ಮ ಮತ್ತು ಅವರ ಯಜಮಾನರು. ಹೊರಗಡೆಯಿಂದಲೇ ಮೆಟ್ಟಿಲು. ಮೇಲೆ ಹಾಲು, ರೂಮು, ಅಡುಗೆಮನೆ, ಬಟ್ಟೆ ಒಣಹಾಕಲು ಸ್ವಲ್ಪ ಜಾಗ. ಯಜಮಾನರು ಅಡಿಕೆ ಮಂಡಿಗೆ ಹೋಗುವವರು, ಮಾತು ಕಮ್ಮಿ. ಬಂದ ದಿನ ಅವರು ಹೇಳಿದ್ದು ಒಂದೇ ಮಾತು. "ಗೋಡೆಗೆ ಮೊಳೆ ಹೊಡೀಬೇಡಿ."

ಮೊಳೆ ಹೊಡೆಯದೆ ಮನೆ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕ್ವಾರ್ಟರ್ಸಿನಲ್ಲಿ ಅಪ್ಪ ಗೋಡೆ ಕಂಡಲ್ಲೆಲ್ಲ ಮೊಳೆ ಹೊಡೆದಿದ್ದರು, ಛತ್ರಿಗೊಂದು, ಟಾರ್ಚಿಗೊಂದು, ಏನೂ ಇಲ್ಲದೆ ಸುಮ್ಮನೆ ಕೆಲವು. ಇಲ್ಲಿ ನಮ್ಮ ಮದುವೆಯ ಫೋಟೋ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿತು. ಗಡಿಯಾರ ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ. ರೂಮಿನ ಲೈಟಿನ ಸ್ವಿಚ್ಚು ಹಾಲಿನಲ್ಲಿತ್ತು, ಹಾಲಿನ ಫ್ಯಾನಿನದು ರೂಮಿನಲ್ಲಿ. ಅಮ್ಮನ ಹಳೆಯ ಸೀರೆ ಹರಿದು ಪರದೆ ಮಾಡಿದೆ. ಅದನ್ನು ಕಟ್ಟಲೂ ಮೊಳೆಯಿಲ್ಲ, ಕಿಟಕಿಯ ಸರಳಿಗೆ ಗಂಟು ಹಾಕಿದೆ. ಸೈರನ್ ಇಲ್ಲದ ಊರಿನಲ್ಲಿ ಅಕ್ಕಿ ಯಾವಾಗ ಇಡಬೇಕೆಂಬುದೇ ಹೊಳೆಯುತ್ತಿರಲಿಲ್ಲ. ಒಂದು ಸಂಜೆಯಂತೂ ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋದವಳು ಯಾವ ಯೋಚನೆಯೂ ಇಲ್ಲದೆ ಭದ್ರಾವತಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತುಬಿಟ್ಟೆ. ದಾರಿಯಲ್ಲಿ ನಿದಿಗೆ ಕೆರೆ ಕಂಡಾಗಲೇ ಗೊತ್ತಾದದ್ದು. ಇಳಿದು ವಾಪಸ್ ಬರಲು ನಾಚಿಕೆಯಾಗಿ ಹಾಗೇ ಅಮ್ಮನ ಮನೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡ ಅಮ್ಮ ಗಾಬರಿಯಾಗಿ, "ಏನೇ, ಜಗಳ ಆಯ್ತಾ?" ಅಂದಳು. ಫೋನ್ ಮಾಡಿ, ಮನೆಗೆ ಬಂದಿದೀನಿ ಎಂದರೆ ಇವರು, "ಮನೆಗೆ ಹೋಗಿದೀಯ ಅಂದ್ರೆ ಯಾವ ಮನೆಗೆ ಅಂತ ನಾನು ಹೇಗೆ ತಿಳ್ಕೊಳ್ಳಲಿ?" ಎಂದು ನಕ್ಕರು.

ಇದರ ನಡುವೆ ಒಂದು ಅವಸರವೂ ಇತ್ತು. ಅಪ್ಪನಿಗೆ ಆ ವರ್ಷ ರಿಟೈರ್‌ಮೆಂಟ್. ದೀಪಾವಳಿಯ ಹೊತ್ತಿಗೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನೋಡಿದ್ದ ಬಾಡಿಗೆ ಮನೆಯ ರಿಪೇರಿ ಮುಗಿಯುವವರೆಗೆ ಇಬ್ಬರೂ ನಮ್ಮಲ್ಲಿ ಬಂದು ಇರುವುದೆಂದು ಮಾತಾಗಿತ್ತು. ನಾನು ಆಡಿ ಬೆಳೆದ ಮನೆ ಇನ್ನು ಇರುವುದಿಲ್ಲ. ಅವರು ಬರುವಷ್ಟರಲ್ಲಿ ಈ ಮಹಡಿ ಒಂದು ಮನೆಯಾಗಿರಬೇಕು, ಅಪ್ಪ ಬಂದು ಕಾಲು ಚಾಚಿ ಕೂತು ಹಾಯೆನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊಳೆಯಿಲ್ಲದಿದ್ದರೇನು, ರಂಗೋಲಿಗೆ ಯಾರ ಅಪ್ಪಣೆ ಬೇಕು ಎಂದುಕೊಂಡು, ಹಾಲುಕ್ಕಿಸಿದ ಮಾರನೆಯ ಬೆಳಗ್ಗೆಯೇ ಮೆಟ್ಟಿಲಿಳಿದು ಹೋಗಿ ಗೇಟಿನ ಮುಂದೆ ಗುಡಿಸಿ, ನೀರು ಹಾಕಿ, ಅಮ್ಮ ಕಲಿಸಿದ ಎಳೆ ರಂಗೋಲಿ ಬಿಟ್ಟೆ. ಹಾಗೇ ಮೂಲೆಯ ಬೂತಿಗೆ ಹಾಲು ತರಲು ಹೋದೆ. ತಿರುಗಿ ಬರುವಾಗ ಗೌರಮ್ಮ ಪೊರಕೆ, ತಂಬಿಗೆ, ರಂಗೋಲಿ ಡಬ್ಬಿ ಹಿಡಿದು ಗೇಟಿನ ಒಳಗೆ ನಿಂತಿದ್ದರು. ಹಣೆಯ ಮೇಲೆ ಆಗತಾನೆ ಇಟ್ಟ ವಿಭೂತಿ. ನನ್ನ ರಂಗೋಲಿಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಕಣಮ್ಮ. ಇದ್ಯಾವ ಕಡೇದು?" ಎಂದು ಕೇಳಿದರು. "ಭದ್ರಾವತಿ ಕಡೇದು ಆಂಟಿ" ಅಂದೆ. ಅವರು ಪೊರಕೆ, ತಂಬಿಗೆ ಹಿಡಿದುಕೊಂಡೇ ಒಳಗೆ ಹೋದರು. ಸಂತೋಷವಾಯಿತೋ ಸಿಟ್ಟು ಬಂತೋ ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಹಾಲು ತೆಗೆದುಕೊಂಡು ಮೇಲೆ ಬಂದರೆ ನಮ್ಮ ಬಾಗಿಲ ಹೊಸ್ತಿಲು ಒದ್ದೆಯಾಗಿತ್ತು. ಮರಕ್ಕೆ ಅರಿಶಿನ ಹಚ್ಚಿ, ವಿಭೂತಿಯ ಮೂರು ಗೆರೆ ಎಳೆದು, ಕುಂಕುಮವಿಟ್ಟು, ನಡುವೆ ಒಂದು ದಾಸವಾಳ. ಮುಂದೆ ಬೆರಳಗಲದ ಪುಟ್ಟ ರಂಗೋಲಿ. ಮೊದಲು ನನ್ನ ಅನುಮಾನ ಹೋದದ್ದು ಇವರ ಮೇಲೆ. ಇವರು ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡು ಕಣ್ಣು ಬಿಟ್ಟರು. ಅದಾದ ಮೇಲೆ ದಿನಾ ಹೀಗೇ. ನಾನು ಹಾಲಿಗೆ ಹೋಗುವುದನ್ನೇ ಕಾದು ಗೌರಮ್ಮ ಮೇಲೆ ಬರುತ್ತಿದ್ದರು. ಕೆಲವೊಮ್ಮೆ ತಂಬಿಗೆ ಹಿಡಿದು ಇಳಿಯುವಾಗ ಮೆಟ್ಟಿಲಲ್ಲೇ ಎದುರಾಗುತ್ತಿದ್ದರು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೇಳೋಣವೆಂದರೆ ಏನೆಂದು ಕೇಳುವುದು? ನನ್ನ ಬಾಗಿಲಿಗೆ ಯಾಕೆ ಕುಂಕುಮ ಇಟ್ಟಿರಿ ಎಂದು ಯಾರಾದರೂ ಕೇಳುತ್ತಾರೆಯೇ?

ಆದರೆ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು. ನಾನು ಸೋಮಾರಿಯೆಂದು ತಿಳಿದು ಮಾಡುತ್ತಿದ್ದಾರೋ? ಮನೆ ತಮ್ಮದೆಂದು ನೆನಪಿಸಲು ಮಾಡುತ್ತಿದ್ದಾರೋ? ಒಂದು ಸಂಜೆ ನಾನು ಹೊಸ್ತಿಲ ಮೇಲೆ ಕೂತು ಗಾಳಿಗೆ ಮುಖವೊಡ್ಡಿ ಹುರುಳಿಕಾಯಿ ಬಿಡಿಸುತ್ತಿದ್ದೆ. ಕೆಳಗಿನಿಂದ ಗೌರಮ್ಮ, "ಶೈಲಾ, ಅಲ್ಲಿ ಕೂರಬಾರ್ದಮ್ಮ. ಒಳಗಾದ್ರೂ ಕೂರು, ಹೊರಗಾದ್ರೂ ಕೂರು" ಅಂದರು. ನಾನು ಬುಟ್ಟಿ ಎತ್ತಿಕೊಂಡು ಎದ್ದೆ. ಗೋಡೆ ಮುಟ್ಟುವ ಹಾಗಿಲ್ಲ, ಹೊಸ್ತಿಲಲ್ಲಿ ಕೂರುವ ಹಾಗಿಲ್ಲ, ಇನ್ನು ಈ ಮನೆಯಲ್ಲಿ ನನಗೆಂದು ಉಳಿದದ್ದು ಏನು ಎಂದು ರೇಗಿತು. ಒಳಗೆ ಕೂರಬೇಕೋ ಹೊರಗೆ ಕೂರಬೇಕೋ ತಿಳಿಯದೆ ಕೊನೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಬಿಡಿಸಿದೆ.

ಶ್ರಾವಣದ ಒಂದು ಭಾನುವಾರ ಭದ್ರಾವತಿಗೆ ಹೋದಾಗ ಅಮ್ಮನ ಹತ್ತಿರ ಎಲ್ಲ ಹೇಳಿದೆ. ಅಮ್ಮನ ತವರು ಗಾಜನೂರು. ಅವಳಿಗೆ ಹೊಸ್ತಿಲಿನ ಲೆಕ್ಕಾಚಾರವೆಲ್ಲ ಚೆನ್ನಾಗಿ ಗೊತ್ತು, ಕ್ವಾರ್ಟರ್ಸಿಗೆ ಬಂದ ಮೇಲೆ ಬಳಸದೆ ಇಟ್ಟಿದ್ದಳು ಅಷ್ಟೇ. ಮುಖ ಸಣ್ಣದು ಮಾಡಿಕೊಂಡು, "ನಮ್ಮೂರಲ್ಲಿ ಸೊಸೆ ಬಂದ್ಮೇಲೆ ಅತ್ತೆ ಹೊಸ್ಲು ಮುಟ್ತಿರಲಿಲ್ಲ. ಹೊಸ್ಲು ತೊಳೆಯೋಳೇ ಮನೆಯೊಡತಿ. ಆಯಮ್ಮ ಬಾಡಿಗೆಗೆ ಕೊಟ್ಟಿದಾಳೆ, ಮನೆ ಕೊಟ್ಟಿಲ್ಲ. ನೀನೇ ಬೇಗ ಎದ್ದು ಮೊದಲು ಮಾಡ್ಕೋ" ಎಂದಳು. ಹಾಗಾದರೆ ನಮ್ಮ ಮನೆಗೆ ಯಾರು ಒಡತಿ, ಇಲ್ಲಿ ಹೊಸ್ತಿಲೇ ಇಲ್ಲವಲ್ಲ ಎಂದು ಕೇಳಬೇಕೆನ್ನಿಸಿತು. ಬದಲಿಗೆ, ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದ ಅಮ್ಮನಿಗೆ ಹಗ್ಗ ಎತ್ತಿಕೊಟ್ಟೆ.

ಸಂಜೆ ಗೋಪಾಳಕ್ಕೆ ಮರಳಿ, ಮಾರನೆಯ ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಎದ್ದೆ. ಹೊಸ್ತಿಲು ತೊಳೆದು ಅರಿಶಿನ ಹಚ್ಚಿದೆ. ಅಭ್ಯಾಸವಿಲ್ಲದ ಕೈ, ನೀರು ಜಾಸ್ತಿಯಾಗಿ ಅರಿಶಿನ ಮೊದಲ ಮೆಟ್ಟಿಲಿನವರೆಗೂ ಹರಿಯಿತು. ಅದನ್ನು ಒರೆಸಿ, ಮತ್ತೆ ಹಚ್ಚಿ, ಕುಂಕುಮವಿಟ್ಟು ಮುಗಿಸುವಷ್ಟರಲ್ಲಿ ಬೆಳಕಾಗಿತ್ತು. ಪೊರಕೆ ಹಿಡಿದು ಕೆಳಗಿಳಿದರೆ ಗೇಟಿನ ಮುಂದೆ ಆಗಲೇ ರಂಗೋಲಿ. ಗೌರಮ್ಮನ ಕೈಯ ತಾವರೆ, ಅದರ ಸುತ್ತ ಬಿಲ್ವದೆಲೆ. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ಒಂದನ್ನು ಪಡೆಯಲು ಹೋಗಿ ಇದ್ದ ಇನ್ನೊಂದನ್ನೂ ಕಳೆದುಕೊಂಡೆ ಎನ್ನಿಸಿತು. ಹಾಲು ತಂದು ಮೆಟ್ಟಿಲು ಹತ್ತುವಾಗ ಅವರು ತಂಬಿಗೆ ಹಿಡಿದು ಇಳಿಯುತ್ತಿದ್ದರು. ತಂಬಿಗೆಯಲ್ಲಿ ನೀರು ಹಾಗೇ ತುಂಬಿತ್ತು. ಆ ದಿನ ಅವರು ನಗಲಿಲ್ಲ.

ಅಲ್ಲಿಂದ ಮಾತು ನಿಂತಿತು. ಅವರ ಗೇಟು ಅವರಿಗೆ, ನಮ್ಮ ಹೊಸ್ತಿಲು ನನಗೆ. ಅಮ್ಮನ ಲೆಕ್ಕದ ಪ್ರಕಾರ ನಾನೀಗ ಮನೆಯೊಡತಿ. ಆದರೂ ಮನೆಗೆ ಬಂದರೆ ಯಾರದೋ ಮನೆಗೆ ಬಂದ ಹಾಗೆ. ಹಬ್ಬಕ್ಕೆ ಮಾಡಿದ ಹೋಳಿಗೆ ಕಳಿಸಿದರೆ ಗೌರಮ್ಮ ಪಾತ್ರೆಗೆ ಸಕ್ಕರೆ ಹಾಕಿ ವಾಪಸ್ ಕಳಿಸಿದರು, ಜೊತೆಗೆ ಒಂದು ಮಾತಿಲ್ಲ. ನಾನು ಇವರಿಗೆ ಬೇರೆ ಮನೆ ನೋಡಿ ಎಂದು ದುಂಬಾಲು ಬಿದ್ದೆ. ಇವರು ತಲೆ ಕೆರೆದುಕೊಂಡು, "ಅಲ್ಲ ಮಾರಾಯ್ತಿ, ಅವರು ಹೊಸ್ಲು ತೊಳೆದ್ರು ಅಂತ ಆಗ ಅಳ್ತಿದ್ದೆ, ಈಗ ತೊಳೀತಿಲ್ಲ ಅಂತ ಅಳ್ತಿದೀಯ. ನಾನು ಓನರ್‌ಗೆ ಏನಂತ ಹೇಳಿ ಮನೆ ಬಿಡ್ಲಿ?" ಅಂದರು. ಇವರು ಹೇಳಿದ್ದು ಸರಿಯೇ ಇತ್ತು. ಆದರೂ ವಿನೋಬನಗರದಲ್ಲಿ ಒಂದು ಮನೆ ನೋಡಿ ಬಂದರು. ದೀಪಾವಳಿ ಕಳೆದ ಮೇಲೆ ಹೋಗುವುದೆಂದಾಯಿತು.

ಕ್ವಾರ್ಟರ್ಸ್ ಬಿಟ್ಟುಕೊಡುವ ದಿನ ನಾನೂ ಭದ್ರಾವತಿಗೆ ಹೋದೆ. ಸಾಮಾನೆಲ್ಲ ಟೆಂಪೋಗೆ ಏರಿತ್ತು. ಕಾರ್ಖಾನೆಯ ಕಡೆಯವರೊಬ್ಬರು ಬಂದು ಫ್ಯಾನು, ನಲ್ಲಿ, ಕಿಟಕಿಯ ಗಾಜುಗಳನ್ನು ನೋಡಿಕೊಂಡರು. ಗೋಡೆಯ ಮೊಳೆಗಳನ್ನು ನೋಡಿ ನಕ್ಕರು. ಅಪ್ಪ ಬೀಗದ ಕೈ ಕೊಟ್ಟು, "ಇಷ್ಟು ವರ್ಷ ನಮ್ಮನೆ ನಮ್ಮನೆ ಅಂತಿದ್ವಿ. ನಾವೂ ಬಾಡಿಗೆಯವರೇ ಅಲ್ವೇನಮ್ಮ, ಸಂಬಳದಲ್ಲಿ ಹಿಡ್ಕೋತಿದ್ರು, ಗೊತ್ತಾಗ್ತಿರಲಿಲ್ಲ" ಅಂದರು. ನನಗೆ ಆವರೆಗೆ ಅದು ಹೊಳೆದೇ ಇರಲಿಲ್ಲ. ಟೆಂಪೋ ಸ್ಟಾರ್ಟ್ ಆಯಿತು, ಅಮ್ಮ ಹತ್ತಲಿಲ್ಲ. ಚೀಲದಿಂದ ರಂಗೋಲಿ ಡಬ್ಬಿ ತೆಗೆದು ಗೇಟಿನ ಮುಂದೆ ಬಗ್ಗಿದಳು. ಅಪ್ಪ, "ಬೀಗ ಕೊಟ್ಟಾಯ್ತಲ್ಲೇ. ಯಾರಿಗೆ ಹಾಕ್ತಿದೀಯ?" ಎಂದು ಕೇಳಿದರು. ಅಮ್ಮ ತಲೆಯೆತ್ತದೆ, "ಬರೋರಿಗೆ. ಬರೀ ನೆಲ ನೋಡ್ಕೊಂಡು ಒಳಗೆ ಹೋಗ್ತಾರಾ ಪಾಪ" ಅಂದಳು. ಆಚೆ ಗೇಟಿನಲ್ಲಿ ಸೆಲ್ವಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಟೆಂಪೋದಲ್ಲಿ ಕೂತು ಜೋರಾಗಿಯೇ ಅತ್ತೆ.

ಗೋಪಾಳಕ್ಕೆ ಬಂದಾಗ ಸಂಜೆ. ಟೆಂಪೋದಿಂದ ಇಳಿದವಳು ನೋಡುತ್ತೇನೆ, ಗೇಟಿನ ಮುಂದೆ ಹಬ್ಬಕ್ಕೆ ಹಾಕುವಂಥ ದೊಡ್ಡ ರಂಗೋಲಿ, ಬಣ್ಣ ತುಂಬಿದ್ದು. ಬೆಳಗ್ಗೆ ಹಾಕಿದ್ದಲ್ಲ, ಆಗತಾನೆ ಹಾಕಿದ್ದು. ಮೇಲೆ ಹೋದರೆ ನಮ್ಮ ಹೊಸ್ತಿಲಿಗೂ ಹೊಸ ಅರಿಶಿನ, ಮಾವಿನೆಲೆಯ ತೋರಣ. ತೋರಣ ಕಟ್ಟಲು ಬಾಗಿಲ ಚೌಕಟ್ಟಿನ ಎರಡು ಕಡೆಗೂ ಹೊಸ ಮೊಳೆ ಹೊಡೆದಿದ್ದರು. ನಾನು ಬಾಗಿಲು ತೆರೆದ ಇವರ ಮುಖ ನೋಡಿದೆ. "ಯಜಮಾನರೇ ಹೊಡೆದ್ರು" ಎಂದು ಇವರು ಪಿಸುಗುಟ್ಟಿದರು. ಮಾತು ಬಿಟ್ಟವರು ಇದನ್ನೆಲ್ಲ ಯಾಕೆ ಮಾಡಿದರೆಂದು ನನಗೆ ಏನೂ ಅರ್ಥವಾಗಲಿಲ್ಲ.

ಅರ್ಥವಾದದ್ದು ಮಾರನೆಯ ಬೆಳಗ್ಗೆ. ಸೈರನ್ ಇಲ್ಲದಿದ್ದರೂ ಅಮ್ಮನಿಗೆ ಅದೇ ಹೊತ್ತಿಗೆ ಎಚ್ಚರ. ಎದ್ದವಳೇ ನನಗೆ ಹೇಳಿದ ಬುದ್ಧಿಮಾತನ್ನೆಲ್ಲ ತಾನೇ ಮರೆತು, ಹೊಸ್ತಿಲು ದಾಟಿ ನೇರ ಗೇಟಿಗೆ ಹೋಗಿ ರಂಗೋಲಿ ಹಾಕಲು ಕೂತುಬಿಟ್ಟಿದ್ದಳು. ನಾನು ಬಟ್ಟೆ ಒಣಹಾಕುವ ಜಾಗದಿಂದ ಬಗ್ಗಿ ನೋಡುವಷ್ಟರಲ್ಲಿ ಗೌರಮ್ಮ ಹೊರಗೆ ಬಂದಿದ್ದರು. ಇನ್ನೇನು ಕಾದಿದೆಯೋ ಎಂದುಕೊಂಡೆ.

"ನಿಮ್ಮ ಮಗಳೂ ಹೀಗೇ ಮಾಡಿದ್ಲು ಕಣ್ರೀ" ಎಂದರು ಗೌರಮ್ಮ. "ಬಂದ ಮಾರನೇ ದಿನಾನೇ. ತನ್ನ ಹೊಸ್ಲು ಒಣಗಿದ್ರೂ ಚಿಂತೆಯಿಲ್ಲ ಅಂತ ನನ್ನ ಗೇಟಿಗೆ ಬಂದು ರಂಗೋಲಿ ಹಾಕಿದ್ಲು. ಈ ಮನೆಗೆ ಎಷ್ಟೋ ಜನ ಬಾಡಿಗೆಗೆ ಬಂದು ಹೋದ್ರು, ಯಾರೂ ಹೀಗೆ ಮಾಡಿರಲಿಲ್ಲ. ನಂಗೆ ಏನು ಮಾಡ್ಬೇಕು ಅಂತಾನೇ ತಿಳೀಲಿಲ್ಲ. ಹಾಕಬೇಡ ಅನ್ನೋಕಾಗುತ್ತಾ? ಅದಕ್ಕೆ ನಾನು ಮೇಲೆ ಹೋಗಿ ಅವಳ ಹೊಸ್ಲು ಮಾಡ್ಕೊಂಡು ಬರ್ತಿದ್ದೆ. ಒಂದಿನ ಬೆಳಗ್ಗೆ ನಾನೇ ಮೊದಲೆದ್ದು ಗೇಟಿಗೆ ಹಾಕಿದೆ, ಪಾಪ ಒಂದಿನನಾದ್ರೂ ಸುಧಾರಿಸ್ಕೊಳ್ಳಲಿ ಅಂತ. ಆಮೇಲೆ ಮೇಲೆ ಹೋದ್ರೆ ಅವಳ ಹೊಸ್ಲು ಅವಳೇ ಮಾಡ್ಕೊಂಡುಬಿಟ್ಟಿದ್ಲು. ನಾನು ಮೇಲೆ ಬರೋದು ಇಷ್ಟ ಇಲ್ಲ ಅಂತ ತಿಳ್ಕೊಂಡೆ. ಈಗ ಮನೇನೂ ಬಿಡ್ತಾರಂತೆ, ನಮ್ಮ ಯಜಮಾನರಿಗೆ ಯಾರೋ ಹೇಳಿದ್ರು. ಅದಕ್ಕೇ ನೀವು ಬರೋ ದಿನನಾದ್ರೂ ಮಾಡೋಣ ಅಂತ ನಿನ್ನೆ ಮೇಲೆ ಹೋದೆ."

ಅಮ್ಮ ರಂಗೋಲಿ ಪುಡಿಯ ಕೈಯನ್ನು ಹಣೆಗೆ ಒತ್ತಿಕೊಂಡು ನಗತೊಡಗಿದಳು. "ಅಯ್ಯೋ, ನಮ್ಮ ಕ್ವಾರ್ಟರ್ಸಿಗೆ ಹೊಸ್ಲೇ ಇಲ್ಲ ಕಣ್ರೀ ಗೌರಮ್ಮನೋರೆ. ಅವಳು ಹುಟ್ಟಿದಾಗಿಂದ ಕಂಡಿದ್ದು ಗೇಟು ಒಂದೇ. ಅದು ನಿಮ್ಮದು ಅಂತಾನೇ ಅವಳಿಗೆ ಗೊತ್ತಿಲ್ಲ. ನಂಗೂ ಈಗ ನೀವು ಬಂದ್ಮೇಲೇ ನೆನಪಾಗಿದ್ದು ನೋಡಿ."

ಗೌರಮ್ಮ ತಲೆಯೆತ್ತಿ ನನ್ನ ಕಡೆ ನೋಡಿದರು. ಬಗ್ಗಿ ನಿಂತವಳು ಸಿಕ್ಕಿಬಿದ್ದಿದ್ದೆ. "ಹೌದೇನಮ್ಮ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರಿಗೂ ನಗು ತಡೆಯಲಾಗಲಿಲ್ಲ. ಗೇಟಿನ ಕಂಬ ಹಿಡಿದುಕೊಂಡು ನಕ್ಕರು. ನನಗೆ ನಗು ಬಂತೋ ಅಳು ಬಂತೋ ಈಗಲೂ ಸರಿಯಾಗಿ ಹೇಳಲಾರೆ.

ಇಷ್ಟಾದ ಮೇಲೆ ಅವರವರದ್ದು ಅವರವರು ಮಾಡಿಕೊಳ್ಳಬೇಕಿತ್ತು. ಹಾಗಾಗಲಿಲ್ಲ. ಮಾರನೆಯ ದಿನ ನಾನು ಸುಮ್ಮನೆ ಕೆಳಗಿಳಿದು ಗೇಟಿಗೆ ಹಾಕಿ ಹಾಲಿಗೆ ಹೋದೆ, ಬಂದಾಗ ಹೊಸ್ತಿಲು ಒದ್ದೆಯಾಗಿತ್ತು. ಅಪ್ಪ ಒಳಗೆ ಗೋಡೆಗೆ ಒರಗಿ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದರು. ವಿನೋಬನಗರದ ಮನೆಯ ಮಾತನ್ನು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದಾವಣಗೆರೆಗೆ ವರ್ಗವಾಗುವವರೆಗೆ ನಾವು ಅಲ್ಲೇ ಇದ್ದೆವು. ಮಗಳು ಹುಟ್ಟಿದ್ದೂ ಅಲ್ಲಿದ್ದಾಗಲೇ. ಬಾಣಂತನದಲ್ಲಿ ನಾನು ಮೇಲೆ ಮಲಗಿದ್ದಾಗ ಗೇಟಿಗೆ ಯಾರು ಹಾಕುತ್ತಿದ್ದರೆಂದು ಕೇಳಿದರೆ ಗೌರಮ್ಮ ಹೇಳುತ್ತಿರಲಿಲ್ಲ.

ಕಳೆದ ತಿಂಗಳು ನಾವು ಹೋದಾಗ ಅದೇ ಬೀದಿ ಗುರುತು ಸಿಗದಷ್ಟು ಬದಲಾಗಿತ್ತು. ಎರಡು ಸಲ ಮನೆ ದಾಟಿ ಮುಂದೆ ಹೋಗಿ ವಾಪಸ್ ಬಂದೆವು. ಗೌರಮ್ಮನಿಗೆ ಈಗ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲ. ಯಜಮಾನರು ಟಿವಿಯ ಸದ್ದು ಕಮ್ಮಿ ಮಾಡಿ, ಬನ್ನಿ ಅಂದು, ಮತ್ತೆ ಜೋರು ಮಾಡಿದರು. ಮೇಲೆ ಯಾರೋ ದಂಪತಿ ಇದ್ದಾರಂತೆ, ಒಳ್ಳೆಯವರಂತೆ, ಇಬ್ಬರೂ ಕೆಲಸಕ್ಕೆ ಹೋಗುತ್ತಾರಂತೆ. ಕಾಫಿ ಕುಡಿದು ಹೊರಗೆ ಬಂದಾಗ ನನ್ನ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಯಿತು. ಒಂದು ಸಲ ಮೇಲೆ ಹೋಗಿ ಬಾಗಿಲನ್ನಾದರೂ ನೋಡಿ ಬರಲೇ ಎಂದು ಕೇಳಿದೆ.

ಗೌರಮ್ಮ ನನ್ನ ಕೈ ಹಿಡಿದುಕೊಂಡರು. "ಬೇಡ ಶೈಲಾ. ಅದು ಈಗ ಅವರ ಮನೆ. ಅವರ ಹೊಸ್ಲು ಅವರೇ ಮಾಡ್ಕೋತಾರೆ, ಚೆನ್ನಾಗೇ ಮಾಡ್ತಾರೆ." ಅವರು ನಿಧಾನವಾಗಿ ಒಳಗೆ ಹೋಗಿ, ಬಾಗಿಲ ಹಿಂದಿನಿಂದ ಒಂದು ಡಬ್ಬಿ ತಂದು ನನ್ನ ಕೈಗಿಟ್ಟರು. ಮುಚ್ಚಳಕ್ಕೆ ರಂಗೋಲಿ ಪುಡಿ ಮೆತ್ತಿತ್ತು.

"ಮೇಲಿನ ಮನೆ ಬಾಡಿಗೆಗೆ ಕೊಟ್ಟಿದೀನಿ. ಗೇಟು ಯಾರಿಗೂ ಕೊಟ್ಟಿಲ್ಲ" ಎಂದರು.

ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ರಂಗೋಲಿ ಹಾಕುವ ಹೊತ್ತೇ ಅಲ್ಲ. ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗೇಟಿನ ಮುಂದೆ ಕೂತೆ. ಇವರು ಕಾರಿನಿಂದ ನೀರಿನ ಬಾಟಲಿ ತಂದು ನೆಲಕ್ಕೆ ಚಿಮುಕಿಸಿದರು.